ಹೂಬಣ್ಣದ ಗುಟ್ಟು ಬಿಡಿಸಿದಾತ: ರಿಚರ್ಡ್ ವಿಲ್‌ಸ್ಟೆಟರ್

ಗುಲಾಬಿಯ ಕೆಂಪನ್ನೂ, ಯೂರೋಪಿನ ಗೋಧಿಯ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕಾರ್ನ್‌ಫ್ಲವರ್ ಎಂಬ ಪುಟ್ಟ ಹೂವಿನ ಅಚ್ಚ ನೀಲಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರು, ಅವೆರಡಕ್ಕೂ ಕಾರಣವಾದ ವಸ್ತು ಒಂದೇ ಇದ್ದೀತೆಂದು ಊಹಿಸಲಾರರು. ಕವಿಗೆ ಅವು ಬೇರೆ ಬೇರೆ ಭಾವ. ಹೂವಾಡಿಗನಿಗೆ ಬೇರೆ ಬೇರೆ ಸರಕು. ಆದರೆ ಎರಡರ ದಳಗಳಲ್ಲಿಯೂ ಅಡಗಿರುವ ವರ್ಣದ್ರವ್ಯ ಒಂದೇ ಎಂದು 1913ರಿಂದ 1915ರವರೆಗಿನ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟವನು ಜರ್ಮನಿಯ ರಸಾಯನಶಾಸ್ತ್ರಜ್ಞ ರಿಚರ್ಡ್ ವಿಲ್‌ಸ್ಟೆಟರ್. ಎಲೆಯ ಹಸುರಿನ ರಚನೆಯನ್ನು ಬಗೆದವನೂ ಆತನೇ. ಅದಕ್ಕಾಗಿ 1915ರ ನೊಬೆಲ್ ಪಾರಿತೋಷಕ ಆತನಿಗೆ ಸಂದಿತು.

ಹೂವಿನ ಬಣ್ಣದ ವಿಷಯದಲ್ಲಿ ಕೇಳಬಹುದಾದ ಪ್ರಶ್ನೆಗಳು ಎರಡು. ಆ ಬಣ್ಣ ಏನು ಎಂಬುದು ಮೊದಲನೆಯದು. ಅದನ್ನು ಗಿಡದೊಳಗೆ ಕಟ್ಟುವವರು ಯಾರು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ವಿಲ್‌ಸ್ಟೆಟರ್ ಉತ್ತರ ಕೊಟ್ಟ. ಎರಡನೆಯದರ ಉತ್ತರ ಆತನ ಕೈಯಳತೆಯಲ್ಲಿಯೇ ಇದ್ದರೂ ಅದನ್ನು ಆತ ಒಪ್ಪಲಿಲ್ಲ. ತನಗೆ ಸರಿಯೆಂದು ಕಂಡದ್ದನ್ನು ಬಿಟ್ಟುಕೊಡದ ಸ್ವಭಾವ ಆತನದು. ಆ ಸ್ವಭಾವ ಆತನನ್ನು ಎಲ್ಲಿಗೆ ಏರಿಸಿತು, ಎಲ್ಲಿ ತಡೆಯಿತು, ಕೊನೆಗೆ ಯಾವ ದಡಕ್ಕೆ ಒಯ್ದಿತು ಎಂಬುದನ್ನು ತಿಳಿದರೆ ಈ ಮನುಷ್ಯನ ಬಾಳು ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗೂ ವಿಚಾರಾರ್ಹವಾಗುತ್ತದೆ.

ವಿಲ್‌ಸ್ಟೆಟರ್ ಹುಟ್ಟಿದ್ದು 1872ನೆಯ ಆಗಸ್ಟ್ 13ರಂದು, ಜರ್ಮನಿಯ ಬಾಡೆನ್ ಸಂಸ್ಥಾನದ ಕಾರ್ಲ್ಸ್‌ರೂಹೆ ನಗರದಲ್ಲಿ. ಯೆಹೂದಿ ಮನೆತನ, ತಂದೆ ಬಟ್ಟೆಯ ವ್ಯಾಪಾರಿ. ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ಸಂಪಾದನೆಗೆಂದು ಅಮೆರಿಕಕ್ಕೆ ಹೊರಟುಹೋದ. ಕೆಲವು ಕಾಲಕ್ಕೆಂದು ಹೊರಟ ಆ ಪ್ರವಾಸ ಹದಿನೇಳು ವರ್ಷ ಬೆಳೆಯಿತು. ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ನ್ಯೂರೆಂಬರ್ಗಿನ ತವರಿನವರ ಆಶ್ರಯಕ್ಕೆ ಬಂದಳು. ಬಾಲಕನ ಮುಂದಿನ ಓದು ಆ ಊರಿನ ಶಾಲೆಯಲ್ಲಿ ನಡೆಯಿತು. ಹದಿನೆಂಟನೆಯ ವಯಸ್ಸಿಗೆ ಆತ ಮ್ಯೂನಿಕ್ ವಿಶ್ವವಿದ್ಯಾನಿಲಯವನ್ನು ಸೇರಿದ. ಅಲ್ಲಿ ರಸಾಯನಶಾಸ್ತ್ರದ ಪೀಠದಲ್ಲಿದ್ದವನು, ಕೃತಕ ನೀಲಿಯ ತಯಾರಿಕೆಯಿಂದ ಜಗತ್ಪ್ರಸಿದ್ಧನಾದ ಅಡಾಲ್ಫ್ ಫಾನ್ ಬೇಯರ್. ವಿಲ್‌ಸ್ಟೆಟರ್ ಆ ವಿಭಾಗದಲ್ಲಿ ಹದಿನೈದು ವರ್ಷ ಕಳೆದ.

ಆತನ ಸ್ವಭಾವದ ಮೊದಲ ಪರಿಚಯ ದೊರೆಯುವುದು ಅಲ್ಲಿಯೇ. ಡಾಕ್ಟರ್ ಪದವಿಗಾಗಿ ಆತ ಆಲ್‌ಫ್ರೆಡ್ ಐನ್‌ಹಾರ್ನ್ ಎಂಬ ಅಧ್ಯಾಪಕನ ಕೈಕೆಳಗೆ ಕೊಕೇನಿನ ರಚನೆಯನ್ನು ಅಭ್ಯಸಿಸಿ 1894ರಲ್ಲಿ ಪದವಿ ಪಡೆದ. ಆದರೆ ಗುರು ಹೇಳುತ್ತಿದ್ದ ರಚನೆ ಸರಿಯಲ್ಲವೆಂಬ ಸಂದೇಹ ಆತನಿಗೆ ಹುಟ್ಟಿತು. ಕೊಕೇನು ತನ್ನ ಸ್ವಂತ ಕ್ಷೇತ್ರವೆಂದು ಭಾವಿಸಿದ್ದ ಐನ್‌ಹಾರ್ನ್ ಅದನ್ನು ಮುಟ್ಟಕೂಡದೆಂದು ಶಿಷ್ಯನನ್ನು ತಡೆದ. ಕೊಕೇನನ್ನು ಮುಟ್ಟದೆ ಅದರ ಹತ್ತಿರದ ಸಂಬಂಧಿಯಾದ ಟ್ರೋಪೀನನ್ನು ಪರೀಕ್ಷಿಸೆಂದು ಬೇಯರ್ ದಾರಿ ತೋರಿದ. ಟ್ರೋಪೀನಿನ ರಚನೆ ನಿರ್ಧಾರವಾದ ಕೂಡಲೆ ಕೊಕೇನಿನ ರಚನೆಯೂ ತಾನಾಗಿಯೇ ತಿಳಿದುಬಂದಿತು. ಗುರುವಿನ ಚಿತ್ರ ತಪ್ಪಾಗಿತ್ತು. ಶಿಷ್ಯನಿಗೆ ಕೀರ್ತಿ ಬಂದಿತು, ಗುರುವಿನ ಸ್ನೇಹ ಹೋಯಿತು.

ಇದೇ ಬೇಯರ್ ಇನ್ನೊಂದು ಸಲಹೆಯನ್ನೂ ಕೊಟ್ಟಿದ್ದ. ಆ ಕಾಲದ ಜರ್ಮನಿಯಲ್ಲಿ ಯೆಹೂದಿಗೆ ಪ್ರಾಧ್ಯಾಪಕ ಪದವಿ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಜ್ಞಾನಸ್ನಾನ ಮಾಡಿಸಿಕೊಂಡರೆ ಬಾಗಿಲು ತೆರೆಯುತ್ತಿತ್ತು. ಶಿಷ್ಯನ ಹಿತವನ್ನೇ ಬಯಸಿ ಬೇಯರ್ ಹಾಗೆ ಮಾಡೆಂದು ಸೂಚಿಸಿದ. ವಿಲ್‌ಸ್ಟೆಟರ್ ಒಪ್ಪಲಿಲ್ಲ. ಲೌಕಿಕ ಲಾಭಕ್ಕಾಗಿ ಮತವನ್ನು ಬದಲಾಯಿಸುವುದು ಆತನ ಆತ್ಮಗೌರವಕ್ಕೆ ಹೊಂದಲಿಲ್ಲ. ಬಾಗಿಲು ತಡವಾಗಿ ತೆರೆದರೂ ಚಿಂತೆಯಿಲ್ಲವೆಂದು ಆತ ಕಾದ.

ಆ ಬಾಗಿಲು ತೆರೆದದ್ದು ಸ್ವಿಟ್ಜರ್‌ಲೆಂಡಿನಲ್ಲಿ. 1905ರಲ್ಲಿ ಜ್ಯೂರಿಚ್ಚಿನ ತಾಂತ್ರಿಕ ವಿಶ್ವವಿದ್ಯಾನಿಲಯ ಆತನನ್ನು ಪ್ರಾಧ್ಯಾಪಕನನ್ನಾಗಿ ಕರೆಯಿತು. ಎಲೆಯ ಹಸುರನ್ನು, ಎಂದರೆ ಪತ್ರಹರಿತ್ತನ್ನು, ಕುರಿತ ಆತನ ಮಹತ್ಕಾರ್ಯ ನಡೆದದ್ದು ಅಲ್ಲಿಯೇ. ಮೈಗೆ ತಾಕಿದರೆ ಉರಿ ಹತ್ತಿಸುವ ನೆಟ್ಟಲ್ ಗಿಡದ ಎಲೆಗಳನ್ನು ಒಣಗಿಸಿ, ಪುಡಿಮಾಡಿ, ದ್ರಾವಕಗಳಲ್ಲಿ ನೆನೆಸಿ, ಹಂತಹಂತವಾಗಿ ಶೋಧಿಸಿ ಶುದ್ಧ ಹಸುರನ್ನು ತೆಗೆಯುವ ಕ್ರಮವನ್ನು ಆತ ರೂಪಿಸಿದ. ಇನ್ನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳನ್ನು ಪರೀಕ್ಷಿಸಿ, ನೆಲದ ಮೇಲಿನದಾಗಲಿ ನೀರಿನೊಳಗಿನದಾಗಲಿ ಅವುಗಳ ಹಸುರು ಒಂದೇ ಎಂದು ತೋರಿಸಿದ. ಆ ಹಸುರಿನಲ್ಲಿ ನೀಲಿಯ ಛಾಯೆಯದೊಂದು, ಹಳದಿಯ ಛಾಯೆಯದೊಂದು ಎಂದು ಎರಡು ಬಗೆಗಳುಂಟೆಂಬುದನ್ನು ರಾಸಾಯನಿಕವಾಗಿ ಸ್ಥಿರಪಡಿಸಿದ. ನಮ್ಮ ರಕ್ತದ ಕೆಂಪಿನಲ್ಲಿ ಕಬ್ಬಿಣ ಹೇಗೋ ಹಾಗೆ ಎಲೆಯ ಹಸುರಿನ ನಡುವೆ ಮೆಗ್ನೀಸಿಯಮ್ ಇದೆಯೆಂದು ಕಂಡುಹಿಡಿದ. ಮೊದಲು ಮೆಗ್ನೀಸಿಯಮನ್ನು ಕಂಡವರು ಅದನ್ನು ಬೂದಿಯ ಕಲ್ಮಶವೆಂದು ತಳ್ಳಿಹಾಕಿದ್ದರು. ಅದು ಕಲ್ಮಶವಲ್ಲ, ಅಣುವಿನ ಹೃದಯ ಎಂದು ಆತ ನಿರೂಪಿಸಿದ.

ಆದರೆ ಅದೇ ಕಾಲದಲ್ಲಿ ಆತನ ಕಣ್ಣೆದುರಿಗೆ ಬಂದ ಒಂದು ಹೊಸ ಉಪಾಯವನ್ನು ಆತ ಕೈಬಿಟ್ಟ. ರಷ್ಯಾದ ಸಸ್ಯಶಾಸ್ತ್ರಜ್ಞ ಮಿಖಾಯಿಲ್ ತ್ಸ್ವೆತ್ ಎಂಬಾತ ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದಂಥ ಪುಡಿಯನ್ನು ತುಂಬಿ, ಎಲೆಯ ರಸವನ್ನು ಅದರ ಮೂಲಕ ಇಳಿಸಿ, ಬಣ್ಣಗಳನ್ನು ಪಟ್ಟೆಪಟ್ಟೆಯಾಗಿ ಬೇರ್ಪಡಿಸಿದ್ದ. ಅಂಥ ಪುಡಿ ಬಣ್ಣವನ್ನು ಕೆಡಿಸುತ್ತದೆಂಬುದು ವಿಲ್‌ಸ್ಟೆಟರನ ಅಭಿಪ್ರಾಯವಾಗಿತ್ತು. ಆತನಂಥ ಪ್ರಮಾಣಪುರುಷ ಒಪ್ಪದೆ ಇದ್ದುದರಿಂದ ಆ ವಿಧಾನ ಹಲವು ವರ್ಷ ಮೂಲೆ ಸೇರಿತು. 1931ರಲ್ಲಿ ಹೈಡೆಲ್‌ಬರ್ಗಿನಲ್ಲಿ ಅದನ್ನು ಮತ್ತೆ ಎತ್ತಿಹಿಡಿದವರಲ್ಲಿ ಮುಖ್ಯನಾದವನು ವಿಲ್‌ಸ್ಟೆಟರನ ಶಿಷ್ಯನಾಗಿದ್ದ ರಿಚರ್ಡ್ ಕೂನ್ ಎಂಬುದು ವಿನೋದದ ಸಂಗತಿ. ಇಂದು ಆ ವಿಧಾನವಿಲ್ಲದ ರಸಾಯನ ಪ್ರಯೋಗಶಾಲೆಯೇ ಇಲ್ಲ.

ಜ್ಯೂರಿಚ್ಚಿನ ವರ್ಷಗಳು ಕೀರ್ತಿಯನ್ನು ತಂದವು, ದುಃಖವನ್ನೂ ತಂದವು. 1903ರಲ್ಲಿ ಕೈಹಿಡಿದಿದ್ದ ಪತ್ನಿ ಸೋಫಿ 1908ರಲ್ಲಿ ತೀರಿಕೊಂಡಳು. ಚಿಕ್ಕವರಾದ ಒಬ್ಬ ಮಗ, ಒಬ್ಬ ಮಗಳು ಉಳಿದರು. ಆತ ಮತ್ತೆ ಮದುವೆಯಾಗಲಿಲ್ಲ.

1912ರಲ್ಲಿ ಬರ್ಲಿನ್ ಬಳಿಯ ಡಾಲೆಮಿನಲ್ಲಿ ಹೊಸದಾಗಿ ತೆರೆದ ಕೈಸರ್ ವಿಲ್‌ಹೆಲ್ಮ್ ರಸಾಯನ ಸಂಸ್ಥೆಗೆ ಆತ ಬಂದ. ನೆರೆಯ ಸಂಸ್ಥೆಯಲ್ಲಿ ಫ್ರಿಟ್ಜ್ ಹೇಬರ್ ಇದ್ದ. ಇಬ್ಬರಿಗೂ ಗಾಢವಾದ ಸ್ನೇಹ ಬೆಳೆಯಿತು. ಹೂವಿನ ಬಣ್ಣಗಳ ಅಧ್ಯಯನ ಆರಂಭವಾದದ್ದು ಇಲ್ಲಿಯೇ. ಹೂಗಳ ಕೆಂಪು, ನೇರಳೆ, ನೀಲಿ ಬಣ್ಣಗಳಿಗೆ ಕಾರಣವಾದ ವಸ್ತುಗಳನ್ನು ಆಂಥೊಸಯನಿನ್ ಎಂದು ಕರೆಯುತ್ತಾರೆ. ನೇರಳೆಹಣ್ಣು ತಿಂದಾಗ ನಾಲಗೆಗೆ ಹತ್ತುವ ಬಣ್ಣ, ಬದನೆಕಾಯಿಯ ಸಿಪ್ಪೆಯ ಬಣ್ಣ ಇವೆಲ್ಲ ಆ ಕುಲಕ್ಕೇ ಸೇರಿದುವು. ನೀರಿನಲ್ಲಿ ಬೇಗ ಮಾಸಿಹೋಗುವ ಈ ವಸ್ತುಗಳನ್ನು ಹಿಡಿದು ಹರಳುಗಟ್ಟಿಸುವುದು ಬಹಳ ಕಷ್ಟವೆನಿಸಿತ್ತು. ಆಮ್ಲದೊಡನೆ ಸೇರಿದಾಗ ಅವು ಸ್ಥಿರವಾದ ಲವಣಗಳಾಗುತ್ತವೆಂಬ ಗುಣವನ್ನು ವಿಲ್‌ಸ್ಟೆಟರ್ ಬಳಸಿಕೊಂಡ. 1913ರಲ್ಲಿ ಎವರೆಸ್ಟ್ ಎಂಬ ಸಹಕಾರಿಯೊಡನೆ ಕಾರ್ನ್‌ಫ್ಲವರ್ ಹೂವಿನ ನೀಲಿಯನ್ನು ಶುದ್ಧಗೊಳಿಸಿದ. ಬಳಿಕ ಗುಲಾಬಿ, ಜಿರೇನಿಯಮ್, ಲಾರ್ಕ್‌ಸ್ಪರ್, ಪಿಯೋನಿ, ಮ್ಯಾಲೋ ಮೊದಲಾದ ಹೂಗಳ ಸರದಿ ಬಂದಿತು. ಪ್ರಕೃತಿ ತೋರುವ ನೂರಾರು ಛಾಯೆಗಳ ಹಿಂದೆ ಇರುವ ಮೂಲದ್ರವ್ಯಗಳು ಕೈಬೆರಳೆಣಿಕೆಯಷ್ಟೇ; ಅವುಗಳಿಗೆ ಸಕ್ಕರೆಯ ಅಣು ಅಂಟಿಕೊಂಡು ಹೂವಿನ ಬಣ್ಣವಾಗುತ್ತದೆ ಎಂಬ ಸತ್ಯ ಹೊರಬಿದ್ದಿತು.

ಹಾಗಾದರೆ ಒಂದೇ ವಸ್ತು ಗುಲಾಬಿಯಲ್ಲಿ ಕೆಂಪಾಗಿಯೂ ಕಾರ್ನ್‌ಫ್ಲವರಿನಲ್ಲಿ ನೀಲಿಯಾಗಿಯೂ ಇರುವುದೇಕೆ? ಲಿಟ್ಮಸ್ ಕಾಗದದಂತೆ ಅದು ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ ಎಂದು ಆತ ಉತ್ತರವಿತ್ತ. ಸರಳವೂ ಸುಂದರವೂ ಆದ ಈ ಉತ್ತರ ಬಹುಕಾಲ ಪಠ್ಯಪುಸ್ತಕಗಳಲ್ಲಿ ನಿಂತಿತು. ಆದರೆ ಕಾರ್ನ್‌ಫ್ಲವರಿನ ದಳದ ರಸ ಕ್ಷಾರವಲ್ಲ, ಆಮ್ಲವೇ ಎಂದು ಮುಂದೆ ತಿಳಿದುಬಂದಿತು. 2005ರಲ್ಲಿ ಜಪಾನಿನ ವಿಜ್ಞಾನಿಗಳು ಆ ನೀಲಿಯ ಹರಳಿನ ಪೂರ್ಣರಚನೆಯನ್ನು ಬಿಡಿಸಿದರು. ಆರು ಆಂಥೊಸಯನಿನ್ ಅಣುಗಳೂ ಬಣ್ಣವಿಲ್ಲದಂತೆ ತೋರುವ ಆರು ಫ್ಲೇವೋನ್ ಅಣುಗಳೂ ಒಂದು ಕಬ್ಬಿಣ, ಒಂದು ಮೆಗ್ನೀಸಿಯಮ್, ಎರಡು ಕ್ಯಾಲ್ಸಿಯಮ್ ಪರಮಾಣುಗಳ ಸುತ್ತ ಹೆಣೆದುಕೊಂಡು ಆ ನೀಲಿಯಾಗಿದ್ದುವು. ಎಲೆಯಲ್ಲಿ ಮೆಗ್ನೀಸಿಯಮನ್ನು ಕಂಡವನಿಗೆ ಹೂವಿನಲ್ಲಿ ಅದು ಕಾಣಿಸಿಕೊಳ್ಳದೆ ಉಳಿದಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಯೋಗವನ್ನು ಆತ 1914ರಲ್ಲಿ ಮಾಡಿದ. ಈರುಳ್ಳಿಯ ಹೊರಸಿಪ್ಪೆಯಲ್ಲಿಯೂ ಓಕ್ ಮರದ ತೊಗಟೆಯಲ್ಲಿಯೂ ಕ್ವರ್ಸೆಟಿನ್ ಎಂಬ ಹಳದಿ ದ್ರವ್ಯವುಂಟು. ಅದನ್ನು ಮೆಗ್ನೀಸಿಯಮಿನಿಂದ ಅಪಕರ್ಷಿಸಿದಾಗ ಗುಲಾಬಿಯ ಕೆಂಪಿನ ಮೂಲದ್ರವ್ಯವಾದ ಸಯನಿಡಿನ್ ದೊರೆಯಿತು. ಹಳದಿಯೂ ಕೆಂಪೂ ಒಂದೇ ಮನೆಯ ಮಕ್ಕಳೆಂದು ಸಿದ್ಧವಾಯಿತು. ಇಂದು ಫ್ಲೇವನಾಯ್ಡ್ ಎಂದು ಕರೆಯುವ ಆ ಮನೆತನದ ವಂಶವೃಕ್ಷದ ಮೊದಲ ಗೆರೆಗಳು ಹೀಗೆ ಮೂಡಿದವು. ಆ ಹೊತ್ತಿಗೆ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಮ್ಯೂರಿಯೆಲ್ ವೆಲ್ಡೇಲ್ ಎಂಬ ವಿದುಷಿ ಸ್ನ್ಯಾಪ್‌ಡ್ರ್ಯಾಗನ್ ಹೂಗಳನ್ನು ತಳಿಸಂಕರ ಮಾಡುತ್ತ, ಬಣ್ಣದ ಆನುವಂಶಿಕತೆಯನ್ನು ಅಭ್ಯಸಿಸುತ್ತಿದ್ದಳು. ಗಿಡದೊಳಗಿನ ಕಿಣ್ವಗಳು ಹಳದಿ ಫ್ಲೇವೋನನ್ನು ಉತ್ಕರ್ಷಿಸಿ ಕೆಂಪನ್ನು ಮಾಡುತ್ತವೆಂಬುದು ಆಕೆಯ ವಾದ. ಉತ್ಕರ್ಷಣವಲ್ಲ, ಅಪಕರ್ಷಣ ಎಂದು ವಿಲ್‌ಸ್ಟೆಟರನ ಗಾಜಿನ ಪಾತ್ರೆ ಹೇಳುವಂತೆ ಕಂಡಿತು. ಈ ವ್ಯಾಜ್ಯದ ತೀರ್ಪು ಬಹಳ ವರ್ಷಗಳ ಬಳಿಕ ಬರಬೇಕಾಗಿತ್ತು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹೂವಿನ ಕೆಲಸ ನಿಂತುಹೋಯಿತು. 1915ರಲ್ಲಿ ಮಗ ಲುಡ್ವಿಗ್ ಇನ್ನೂ ಬಾಲಕನಾಗಿದ್ದಾಗಲೇ ಮರಣ ಹೊಂದಿದ. ಅದೇ ವರ್ಷ ಹೇಬರ್ ವಿಷಾನಿಲವನ್ನು ರಣರಂಗಕ್ಕೆ ತಂದ. ಸ್ನೇಹಿತನ ನೆರವನ್ನೂ ಕೋರಿದ. ಕೊಲ್ಲುವ ಅನಿಲದ ಕೆಲಸಕ್ಕೆ ವಿಲ್‌ಸ್ಟೆಟರ್ ಕೈಹಾಕಲಿಲ್ಲ. ಅದರಿಂದ ಸೈನಿಕರನ್ನು ಕಾಪಾಡುವ ಮುಖವಾಡದ ಸೋಸುಕವನ್ನು ಮಾತ್ರ ಆತ ರೂಪಿಸಿಕೊಟ್ಟ. ಇದ್ದಿಲನ್ನೂ ಬೇರೆ ರಾಸಾಯನಿಕಗಳನ್ನೂ ಒಳಗೊಂಡ ಮೂರು ಪದರದ ಆ ಸೋಸುಕ ಜರ್ಮನ್ ಸೈನಿಕರ ಪ್ರಾಣವನ್ನು ಉಳಿಸಿತು. ಸರಕಾರ ಆತನಿಗೆ ಐರನ್ ಕ್ರಾಸ್ ಪದಕವನ್ನಿತ್ತು ಗೌರವಿಸಿತು. 1915ರ ನೊಬೆಲ್ ಪಾರಿತೋಷಕವನ್ನು ಆತ ಸ್ಟಾಕ್‌ಹೋಮಿಗೆ ಹೋಗಿ ಸ್ವೀಕರಿಸಿದ್ದು ಯುದ್ಧ ಮುಗಿದ ಮೇಲೆ, 1920ರ ಬೇಸಗೆಯಲ್ಲಿ.

1916ರಲ್ಲಿ ಗುರು ಬೇಯರನ ಪೀಠವೇ ಆತನಿಗೆ ದೊರೆತು, ಆತ ಮ್ಯೂನಿಕ್ಕಿಗೆ ಹಿಂದಿರುಗಿದ. ಹೂವಿನ ಬಣ್ಣಗಳನ್ನು ಬಿಟ್ಟು ಕಿಣ್ವಗಳ ಕಡೆಗೆ ತಿರುಗಿದ. ಜೀವಕೋಶದ ಕೆಲಸಗಳನ್ನೆಲ್ಲ ತ್ವರಿತಗೊಳಿಸುವ ಈ ವಸ್ತುಗಳು ಯಾವ ದ್ರವ್ಯದಿಂದ ಆದುವೆಂಬುದು ಆಗ ಬಗೆಹರಿಯದ ಪ್ರಶ್ನೆ. ಹಾರ್ಸ್‌ರ‍್ಯಾಡಿಷ್ ಎಂಬ ಖಾರದ ಬೇರಿನಿಂದ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನೂ ಯೀಸ್ಟಿನಿಂದ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸನ್ನೂ ತೆಗೆದು, ಮೊದಲಿದ್ದುದಕ್ಕಿಂತ ಅನೇಕ ಪಟ್ಟು ಶುದ್ಧವಾಗುವವರೆಗೆ ಶೋಧಿಸಿದ. ಹಾಗೆ ಶೋಧಿಸಿದ ದ್ರಾವಣ ಚುರುಕಾಗಿ ಕೆಲಸ ಮಾಡುತ್ತಿತ್ತು. ಆದರೆ ಅದರಲ್ಲಿ ಪ್ರೋಟೀನು ಇದೆಯೇ ಎಂದು ಪರೀಕ್ಷಿಸಿದರೆ ಇಲ್ಲವೆಂಬ ಉತ್ತರ ಬರುತ್ತಿತ್ತು. ಇದರಿಂದ ಕಿಣ್ವ ಪ್ರೋಟೀನಲ್ಲವೆಂದು ಆತ ತೀರ್ಮಾನಿಸಿದ. ಕೆಲಸ ಮಾಡುವುದು ಒಂದು ಚಿಕ್ಕ ಅಣು; ಪ್ರೋಟೀನು ಅದನ್ನು ಹೊತ್ತುಕೊಂಡಿರುವ ವಾಹನ ಮಾತ್ರ ಎಂಬುದು ಆತನ ಸಿದ್ಧಾಂತ. ತಪ್ಪು ಎಲ್ಲಿತ್ತೆಂಬುದು ಇಂದು ನಮಗೆ ಗೊತ್ತು. ಕಿಣ್ವವು ಅತ್ಯಲ್ಪ ಪ್ರಮಾಣದಲ್ಲಿಯೂ ತನ್ನ ಕೆಲಸದಿಂದ ಕಾಣಿಸಿಕೊಳ್ಳುತ್ತದೆ. ಅಷ್ಟು ಅಲ್ಪವಾದ ಪ್ರೋಟೀನನ್ನು ತೋರಿಸುವ ಶಕ್ತಿ ಆ ಕಾಲದ ಪರೀಕ್ಷೆಗಳಿಗೆ ಇರಲಿಲ್ಲ. ಪರೀಕ್ಷೆ ಮೊಂಡಾಗಿತ್ತು, ಆತ ಅದನ್ನು ಹರಿತವೆಂದು ನಂಬಿದ. ಆತನ ಹೆಸರಿನ ಭಾರದಿಂದ ಬಹುಮಂದಿ ರಸಾಯನಜ್ಞರೂ ಅದನ್ನೇ ನಂಬಿದರು.

ಇಂಥ ಕೀರ್ತಿಯ ಶಿಖರದಲ್ಲಿದ್ದಾಗಲೇ 1924ನೆಯ ವರ್ಷ ಬಂದಿತು. ಹಿಂದಿನ ನವೆಂಬರಿನಲ್ಲಿ ಹಿಟ್ಲರನ ವಿಫಲ ದಂಗೆ ನಡೆದದ್ದು ಇದೇ ಮ್ಯೂನಿಕ್ಕಿನಲ್ಲಿ. ಊರಿನ ಗಾಳಿಯಲ್ಲಿ ಸೇರಿದ್ದ ಯೆಹೂದಿ ದ್ವೇಷ ವಿಶ್ವವಿದ್ಯಾನಿಲಯದ ಗೋಡೆಗಳೊಳಗೂ ಸುಳಿಯುತ್ತಿತ್ತು. ಖನಿಜಶಾಸ್ತ್ರದ ಪೀಠ ತೆರವಾದಾಗ ಅದಕ್ಕೆ ಅತ್ಯಂತ ಯೋಗ್ಯನೆಂದು ಹೆಸರಾದವನು ನಾರ್ವೆಯ ವಿಕ್ಟರ್ ಗೋಲ್ಡ್‌ಷ್ಮಿಟ್. ಮುಂದೆ ಭೂರಸಾಯನಶಾಸ್ತ್ರದ ಜನಕನೆಂದು ಪ್ರಸಿದ್ಧನಾದಾತ. ಆತ ಯೆಹೂದಿ. ಆ ಒಂದು ಕಾರಣಕ್ಕಾಗಿ ಅಧ್ಯಾಪಕಮಂಡಲಿ ಆತನನ್ನು ಬಿಟ್ಟು ಬೇರೆಯವರ ಕಡೆಗೆ ವಾಲಿತು. ಜೂನ್ 24ರ ಆ ಸಭೆಯಲ್ಲಿ ಯಾರೂ ವಿಲ್‌ಸ್ಟೆಟರನನ್ನು ಅವಮಾನಿಸಲಿಲ್ಲ. ಆತನ ಪೀಠಕ್ಕೆ ಕುತ್ತಿರಲಿಲ್ಲ, ಸಂಬಳಕ್ಕೆ ಚ್ಯುತಿಯಿರಲಿಲ್ಲ. ಮೌನವಾಗಿ ಕುಳಿತಿದ್ದರೆ ಗೌರವಕ್ಕೂ ಕೊರತೆಯಿರಲಿಲ್ಲ. ಆದರೂ ಯೋಗ್ಯತೆಯನ್ನು ಬಿಟ್ಟು ಹುಟ್ಟನ್ನು ಎಣಿಸುವ ವಿದ್ಯಾಸಂಸ್ಥೆಯಲ್ಲಿ ತಾನಿರುವುದು ಸಲ್ಲದೆಂದು ಆತ ಅಂದೇ ರಾಜೀನಾಮೆಯಿತ್ತ.

ವಿದ್ಯಾರ್ಥಿಗಳು ಬೇಡಿಕೊಂಡರು, ಸಹೋದ್ಯೋಗಿಗಳು ಒತ್ತಾಯಿಸಿದರು. ಆತ ಮನಸ್ಸು ಬದಲಿಸಲಿಲ್ಲ. ಆಗ ಆತನಿಗೆ ಐವತ್ತೆರಡು ತುಂಬಿರಲಿಲ್ಲ. ಪ್ರಯೋಗವೇ ಉಸಿರಾದವನಿಗೆ ಪ್ರಯೋಗಶಾಲೆಯನ್ನು ತೊರೆಯುವುದೆಂದರೆ ಏನೆಂದು ಊಹಿಸಬಹುದು. ಸ್ವದೇಶ ವಿದೇಶಗಳಿಂದ ಬಂದ ಆಹ್ವಾನಗಳನ್ನೂ ಆತ ಒಪ್ಪಲಿಲ್ಲ. ತನ್ನ ಸ್ಥಾನಕ್ಕೆ ಹೈನ್‌ರಿಷ್ ವೀಲಾಂಡ್ ಎಂಬ ಸಮರ್ಥನನ್ನು ತಾನೇ ಸೂಚಿಸಿ ಪೀಠದಿಂದ ಇಳಿದ. ಮುಂದಿನ ಕರಾಳ ದಿನಗಳಲ್ಲಿ ಯೆಹೂದಿ ಮೂಲದ ವಿದ್ಯಾರ್ಥಿಗಳಿಗೆ ತನ್ನ ಪ್ರಯೋಗಶಾಲೆಯಲ್ಲಿ ಆಸರೆಯಿತ್ತವನು ಈ ವೀಲಾಂಡನೇ ಎಂಬುದನ್ನು ನೆನೆದರೆ ಆ ಆಯ್ಕೆಯ ಬೆಲೆ ತಿಳಿಯುತ್ತದೆ.

ಆದರೆ ಕೆಲಸ ಪೂರ್ಣವಾಗಿ ನಿಲ್ಲಲಿಲ್ಲ. ವೀಲಾಂಡನ ಔದಾರ್ಯದಿಂದ ವಿಶ್ವವಿದ್ಯಾನಿಲಯದಲ್ಲಿ ಮಾರ್ಗರೇಟೆ ರೋಡೆವಾಲ್ಡ್ ಎಂಬ ಸಹಾಯಕಿಗೆ ಕೆಲಸ ಮಾಡಲು ಸ್ಥಳ ದೊರೆಯಿತು. ವಿಲ್‌ಸ್ಟೆಟರ್ ಮನೆಯಲ್ಲಿ ಕುಳಿತು ಪ್ರತಿದಿನವೂ ದೂರವಾಣಿಯಲ್ಲಿ ಆಕೆಯೊಡನೆ ಮಾತನಾಡಿ ಪ್ರಯೋಗಗಳನ್ನು ನಡೆಸುತ್ತಿದ್ದ. ಇಲ್ಲಿ ಬೀಕರು, ಅಲ್ಲಿ ಬುದ್ಧಿ. ನಡುವೆ ಒಂದು ತಂತಿ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಸಹಕಾರ ಅಪರೂಪ.

ಆತ ಪೀಠ ಬಿಟ್ಟ ಎರಡು ವರ್ಷಕ್ಕೆ, 1926ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಒಂದು ಸುದ್ದಿ ಬಂದಿತು. ಜೇಮ್ಸ್ ಸಮ್ನರ್ ಎಂಬಾತ ಜಾಕ್ ಬೀನ್ ಎಂಬ ಒಂದು ಬಗೆಯ ಅವರೆಯ ಬೀಜದಿಂದ ಯೂರಿಯೇಸ್ ಕಿಣ್ವವನ್ನು ಹರಳಿನ ರೂಪದಲ್ಲಿ ತೆಗೆದಿದ್ದ; ಆ ಹರಳು ಪ್ರೋಟೀನೇ ಎಂದು ಸಾರಿದ್ದ. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡಿದ್ದ ಈ ಅಧ್ಯಾಪಕನ ಹೆಸರನ್ನು ಕೇಳಿದವರು ಕಡಮೆ. ವಿಲ್‌ಸ್ಟೆಟರನೂ ಆತನ ಪಂಥದವರೂ ಆ ಸುದ್ದಿಯನ್ನು ಒಪ್ಪಲಿಲ್ಲ. ಹರಳಿಗೆ ಅಂಟಿಕೊಂಡಿರುವ ಬೇರೇನೋ ಕೆಲಸ ಮಾಡುತ್ತಿರಬೇಕೆಂದರು. 1930ರಲ್ಲಿ ನಾರ್ತ್ರಪ್ ಎಂಬಾತ ಪೆಪ್ಸಿನ್ ಕಿಣ್ವವನ್ನೂ ಹರಳುಗಟ್ಟಿಸಿದ ಮೇಲೆ ವಾದ ನಿಲ್ಲುವಂತಿರಲಿಲ್ಲ. 1946ರ ನೊಬೆಲ್ ಪಾರಿತೋಷಕದಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು.

ಆತನ ಹಟ ಸದಾ ತಪ್ಪಾಗಿತ್ತೆಂದು ಮಾತ್ರ ಹೇಳಲಾಗದು. ದಾಳಿಂಬೆಯ ತೊಗಟೆಯಲ್ಲಿ ದೊರೆಯುವ ಒಂದು ಕ್ಷಾರವಸ್ತುವಿನಿಂದ ಹೊರಟು, ಎಂಟು ಇಂಗಾಲಗಳ ಉಂಗುರವುಳ್ಳ ಸೈಕ್ಲೋಆಕ್ಟಟೆಟ್ರೀನ್ ಎಂಬ ವಸ್ತುವನ್ನು ಆತ ಮೊದಲೇ ಕಟ್ಟಿದ್ದ. ಅನೇಕರು ಅದನ್ನು ನಂಬಿರಲಿಲ್ಲ. ಆತನ ನಿಧನಾನಂತರ 1940ರ ದಶಕದಲ್ಲಿ ಅಮೆರಿಕದಲ್ಲಿ ಅದೇ ಹಾದಿಯನ್ನು ಮತ್ತೊಮ್ಮೆ ತುಳಿದು ನೋಡಿದಾಗ ಆತನ ಮಾತೇ ಸರಿಯೆಂದು ತಿಳಿಯಿತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಹೇಬರ್ ತನ್ನ ಪದವಿಯನ್ನು ಬಿಟ್ಟು ದೇಶ ತೊರೆದು, 1934ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲಿನಲ್ಲಿ ತೀರಿಕೊಂಡ. ಮಿತ್ರನ ಅಂತ್ಯಸಂಸ್ಕಾರದಲ್ಲಿ ವಿಲ್‌ಸ್ಟೆಟರ್ ಮಾತನಾಡಿದ. ಅದೇ ವರ್ಷ ಪ್ಯಾಲೆಸ್ತೀನಿನ ರೆಹೋವೋಟಿನಲ್ಲಿ ವೈಜ್‌ಮನ್ ಕಟ್ಟಿದ ಸಂಶೋಧನ ಸಂಸ್ಥೆಯ ಆರಂಭೋತ್ಸವಕ್ಕೆ ಹೋದ. ಅಲ್ಲಿಯೇ ನಿಲ್ಲೆಂದು ವೈಜ್‌ಮನ್ ಕೇಳಿಕೊಂಡರೂ ನಿಲ್ಲಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1932ರಲ್ಲಿ ಡೇವಿ ಪದಕವನ್ನೂ, ಅಮೆರಿಕದ ರಸಾಯನ ಸಂಘದ ಷಿಕಾಗೋ ಶಾಖೆ 1933ರಲ್ಲಿ ಗಿಬ್ಸ್ ಪದಕವನ್ನೂ ಕೊಟ್ಟಿದ್ದವು. ಪ್ರತಿ ಸಲವೂ ಆತ ಮ್ಯೂನಿಕ್ಕಿನ ತನ್ನ ಮನೆಗೆ, ತನ್ನ ತೋಟಕ್ಕೆ ಮರಳಿದ. ತನ್ನನ್ನು ಬೇಡವೆಂದ ದೇಶವನ್ನು ತಾನು ಬೇಡವೆನ್ನಲು ಆತನಿಗೆ ಮನಸ್ಸು ಬರಲಿಲ್ಲ.

1938ರ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯೆಹೂದಿಗಳ ಮಂದಿರಗಳಿಗೂ ಅಂಗಡಿಗಳಿಗೂ ಬೆಂಕಿ ಬಿದ್ದಿತು. ಗೆಸ್ಟಾಪೋ ಪೋಲೀಸರು ಆತನನ್ನು ಹುಡುಕಿಕೊಂಡು ಮನೆಗೆ ಬಂದರು. ಆಗ ಆತ ತೋಟದಲ್ಲಿದ್ದುದರಿಂದ ಅವರ ಕಣ್ಣಿಗೆ ಬೀಳಲಿಲ್ಲ. ಆ ಮೇಲೆ ಕಾನ್‌ಸ್ಟೆನ್ಸ್ ಸರೋವರವನ್ನು ದೋಣಿಯಲ್ಲಿ ದಾಟಿ ಸ್ವಿಟ್ಜರ್‌ಲೆಂಡನ್ನು ಸೇರಲು ಯತ್ನಿಸಿ ಸಿಕ್ಕಿಬಿದ್ದ. ಜ್ಯೂರಿಚ್ಚಿನಲ್ಲಿ ಪತ್ರಹರಿತ್ತಿನ ಕೆಲಸಕ್ಕೆ ಹೆಗಲು ಕೊಟ್ಟಿದ್ದ ಶಿಷ್ಯ ಆರ್ಥರ್ ಸ್ಟೋಲ್ ಈಗ ಗುರುವಿನ ರಕ್ಷಣೆಗೆ ನಿಂತ. ಆತನ ಪ್ರಯತ್ನದಿಂದ 1939ರ ಮಾರ್ಚಿಯಲ್ಲಿ ವಿಲ್‌ಸ್ಟೆಟರ್ ಗಡಿ ದಾಟಿದ. ಸಂಪತ್ತಿನ ಬಹುಭಾಗ ಹಿಂದೆಯೇ ಉಳಿಯಿತು. ಲೊಕಾರ್ನೋ ಬಳಿಯ ಮುರಾಲ್ಟೋ ಎಂಬ ಊರಿನಲ್ಲಿ ನೆಲೆಸಿ, ಗ್ರಂಥಗಳಾಗಲಿ ಪ್ರಯೋಗಶಾಲೆಯಾಗಲಿ ಇಲ್ಲದೆ, ನೆನಪಿನಿಂದಲೇ ತನ್ನ ಜೀವನಚರಿತ್ರೆಯನ್ನು ಬರೆದ. 1942ನೆಯ ಆಗಸ್ಟ್ 3ರಂದು, ಎಪ್ಪತ್ತು ತುಂಬಲು ಹತ್ತು ದಿನವಿರುವಾಗ, ಹೃದಯಾಘಾತದಿಂದ ಅಸು ನೀಗಿದ. ಆ ಗ್ರಂಥವನ್ನು ಸ್ಟೋಲ್ 1949ರಲ್ಲಿ ಪ್ರಕಟಪಡಿಸಿದ.

ಬಣ್ಣವನ್ನು ಕಟ್ಟುವವರು ಯಾರೆಂಬ ಎರಡನೆಯ ಪ್ರಶ್ನೆ ಏನಾಯಿತು? ಅದರ ಉತ್ತರ ಒಂದೊಂದೇ ಕಿಣ್ವವಾಗಿ ಹೊರಬಂದಿತು. 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೌಕೋಲ್ ಮತ್ತು ಕಾನ್ ಎಂಬವರು ಬಾರ್ಲಿಯ ಸಸಿಗಳಲ್ಲಿ ಒಂದು ಕಿಣ್ವವನ್ನು ಕಂಡರು. ಅದು ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಿಂದ ಅಮೋನಿಯವನ್ನು ಕಳಚಿ ಈ ಹಾದಿಯ ಹೆಬ್ಬಾಗಿಲನ್ನು ತೆರೆಯುತ್ತದೆ. 1972ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಕ್ರಾಯ್ಜಲರ್ ಮತ್ತು ಹಾಲ್‌ಬ್ರಾಕ್, ಕೊತ್ತಂಬರಿಯ ಬಳಗಕ್ಕೆ ಸೇರಿದ ಪಾರ್ಸ್ಲಿ ಸೊಪ್ಪಿನ ಜೀವಕೋಶಗಳಲ್ಲಿ ಫ್ಲೇವನಾಯ್ಡಿನ ಎಲುಬುಗೂಡನ್ನು ಕಟ್ಟುವ ಕಿಣ್ವವನ್ನು ತೋರಿಸಿಕೊಟ್ಟರು. ಇದಕ್ಕೆ ಇಂದಿನ ಹೆಸರು ಚಾಲ್ಕೋನ್ ಸಿಂಥೇಸ್. ಒಂಬತ್ತು ಇಂಗಾಲಗಳ ಒಂದು ತುಣುಕಿಗೆ ಎರಡೆರಡು ಇಂಗಾಲಗಳ ಮೂರು ತುಣುಕುಗಳನ್ನು ಅದು ಒಂದಾದ ಮೇಲೊಂದರಂತೆ ಜೋಡಿಸಿ, ಬಾಗಿಸಿ, ಹದಿನೈದು ಇಂಗಾಲಗಳ ಚಾಲ್ಕೋನನ್ನು ಮಾಡುತ್ತದೆ. ಮುಂದಿನ ಕಿಣ್ವ ಉಂಗುರವನ್ನು ಮುಚ್ಚುತ್ತದೆ. ಮತ್ತೊಂದು ಆಮ್ಲಜನಕವನ್ನು ಸೇರಿಸುತ್ತದೆ. ಕೊನೆಯದು ಸಕ್ಕರೆಯನ್ನು ಅಂಟಿಸುತ್ತದೆ. ಇವೆಲ್ಲವೂ ಪ್ರೋಟೀನುಗಳೇ.

ವೆಲ್ಡೇಲಳ ವ್ಯಾಜ್ಯಕ್ಕೂ ಇಲ್ಲಿ ತೀರ್ಪು ದೊರೆಯಿತು. ಹಳದಿ ಕ್ವರ್ಸೆಟಿನ್ ಕೆಂಪು ಸಯನಿಡಿನ್ನಿಗೆ ತಾಯಿಯಲ್ಲ. ಎರಡೂ ಒಂದೇ ಪೂರ್ವಜದಿಂದ ಕವಲೊಡೆದ ದಾಯಾದಿಗಳು. ಆ ಪೂರ್ವಜವನ್ನು ಒಂದು ಕಿಣ್ವ ಅಪಕರ್ಷಿಸುತ್ತದೆ. ಅನಂತರ ಕಬ್ಬಿಣವುಳ್ಳ ಇನ್ನೊಂದು ಕಿಣ್ವ ಉತ್ಕರ್ಷಿಸುತ್ತದೆ. ಆಗ ಬಣ್ಣ ಮೂಡುತ್ತದೆ. ವಾದಿ ಪ್ರತಿವಾದಿಗಳಿಬ್ಬರಿಗೂ ಅರ್ಧರ್ಧ ಗ್ರಾಮವನ್ನು ಪ್ರಕೃತಿ ಬರೆದುಕೊಟ್ಟಿತ್ತು.

ಬಣ್ಣ ಅಲಂಕಾರಕ್ಕಾಗಿ ಮಾತ್ರವಲ್ಲವೆಂಬುದೂ ತಿಳಿಯಿತು. ಓಡಿಹೋಗಲಾರದ ಗಿಡಕ್ಕೆ ಈ ವಸ್ತುಗಳೇ ಕೊಡೆ, ಕವಚ, ಆಯುಧ. ಅತಿನೇರಳೆ ಕಿರಣ ಬಿದ್ದರೆ ಪಾರ್ಸ್ಲಿಯ ಕೋಶಗಳು ಆ ಕಿರಣವನ್ನು ಹೀರುವ ಫ್ಲೇವನಾಯ್ಡುಗಳನ್ನು ತಯಾರಿಸುತ್ತವೆ. ಬೂಷ್ಟಿನ ಸುಳಿವು ತಾಗಿದರೆ ಅದೇ ಹೆಬ್ಬಾಗಿಲಿನಿಂದ ಹೊರಟು ಬೇರೆ ಕವಲಿನಲ್ಲಿ ಸಾಗಿ ಬೂಷ್ಟನ್ನು ತಡೆಯುವ ಕೂಮರಿನ್ನುಗಳನ್ನು ತಯಾರಿಸುತ್ತವೆ. ಬಟಾಣಿಯ ಗಿಡ ಬೂಷ್ಟಿನ ವಿರುದ್ಧ ಬಳಸುವ ಪಿಸಾಟಿನ್ ಎಂಬ ಅಸ್ತ್ರವೂ ಈ ಮನೆತನದ್ದೇ. 1990ರಲ್ಲಿ ಪೆಟೂನಿಯಾ ಹೂವನ್ನು ಇನ್ನಷ್ಟು ಗಾಢ ನೇರಳೆಯಾಗಿಸಬೇಕೆಂದು ಅಮೆರಿಕದ ಸಂಶೋಧಕರು ಚಾಲ್ಕೋನ್ ಸಿಂಥೇಸಿನ ಒಂದು ಹೆಚ್ಚಿನ ಜೀನನ್ನು ಗಿಡಕ್ಕೆ ಕೊಟ್ಟರು. ಹಲವು ಗಿಡಗಳಲ್ಲಿ ಹೂವು ಬೆಳ್ಳಗಾಯಿತು! ಜೀವಕೋಶ ತನ್ನ ಜೀನುಗಳ ಬಾಯಿಯನ್ನು ತಾನೇ ಮುಚ್ಚಿಸಬಲ್ಲುದೆಂಬ ದೊಡ್ಡ ಸತ್ಯದ ಮೊದಲ ಸೂಚನೆಗಳಲ್ಲಿ ಆ ಬಿಳಿಯ ಹೂವೂ ಒಂದು.

ವಿಲ್‌ಸ್ಟೆಟರನ ಬಾಳನ್ನು ತೂಗಿ ನೋಡುವಾಗ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇಡಬೇಕಾಗುತ್ತದೆ. ಕಿಣ್ವಗಳ ವಿಷಯದಲ್ಲಿ ವಿದ್ವಾಂಸರ ಬಹುಮತ ಆತನ ಕಡೆಗಿತ್ತು. ಆದರೆ ಆತ ತಪ್ಪಿದ್ದ. ಗೋಲ್ಡ್‌ಷ್ಮಿಟ್ಟನ ವಿಷಯದಲ್ಲಿ ವಿದ್ವಾಂಸರ ಬಹುಮತ ಆತನಿಗೆ ವಿರುದ್ಧವಾಗಿತ್ತು. ಆದರೆ ಆತ ಸರಿಯಾಗಿದ್ದ. ಎರಡು ಕಡೆಯಲ್ಲಿಯೂ ಮನುಷ್ಯ ಒಬ್ಬನೇ, ಬಗ್ಗದ ಮನಸ್ಸೂ ಒಂದೇ. ವಿಜ್ಞಾನದಲ್ಲಿ ತಪ್ಪಿದವನನ್ನು ತಿದ್ದಲು ಇನ್ನೊಬ್ಬನ ಹರಳು ಬರುತ್ತದೆ. ಒಬ್ಬ ಸಮ್ನರ್ ಅಲ್ಲದಿದ್ದರೆ ಇನ್ನೊಬ್ಬ ನಾರ್ತ್ರಪ್ ಬರುತ್ತಾನೆ. ಕಾಲ ತಡವಾದರೂ ನಷ್ಟ ತುಂಬುತ್ತದೆ. ಸಭೆಯೊಂದು ಅನ್ಯಾಯಕ್ಕೆ ಕೈಯೆತ್ತಿದಾಗ ತಿದ್ದಲು ಅಂಥ ಹರಳು ಬರುವುದಿಲ್ಲ. ಅಲ್ಲಿ ಕುಳಿತಿರುವವರಲ್ಲಿ ಒಬ್ಬನಾದರೂ ಏಳಬೇಕು. 1924ನೆಯ ಜೂನ್ 24ರಂದು ಮ್ಯೂನಿಕ್ಕಿನ ಆ ಸಭೆಯಿಂದ ಎದ್ದು ಹೊರಬಂದವನು, ಹೂವಿನ ಬಣ್ಣವನ್ನು ಬಿಡಿಸಿದಾತ.